ಡಿಮೀಟರ್ ಕೇಳಿದ ಪ್ರಶ್ನೆ

ಕಳೆದ ದಸರಾ ರಜೆಗೆ ಊರಿಗೆ ಬಂದಿದ್ದ ಮಗಳು ತನ್ನ ಬ್ಯಾಗಿನಿಂದ ದಪ್ಪನೆಯ ಇಂಗ್ಲಿಷ್ ಕಾದಂಬರಿಯೊಂದನ್ನು ತೆಗೆದು ನನ್ನ ದಿಂಬಿನ ಪಕ್ಕ ಇಟ್ಟು, ‘ಅಮ್ಮ, ಇದು ನಿನ್ನ ಡಿಮೀಟರ್ ಕಥೆ, ಓದು’ ಎಂದಳು. ‘ನಿನ್ನ’ ಎಂದು ಅವಳು ಹೇಳಿದ್ದಕ್ಕೆ ಕಾರಣವಿತ್ತು. ಎಂ.ಎ. ಓದುವಾಗ ಗ್ರೀಕರ ಬೆಳೆಯ ದೇವತೆಯಾದ ಡಿಮೀಟರಳ ಆ ಪ್ರಾಚೀನ ಕವಿತೆಯನ್ನು ಇಂಗ್ಲಿಷ್ ಅನುವಾದದಲ್ಲಿ ಓದಿದ್ದ ನಾನು, ಅವಳು ಚಿಕ್ಕವಳಿದ್ದಾಗ ರಾತ್ರಿ ಮಲಗಿಸುವ ಹೊತ್ತಿನಲ್ಲಿ ಅದನ್ನು ಕಥೆಯಾಗಿ ಹೇಳುತ್ತಿದ್ದೆ. ಕೈಯಲ್ಲಿ ಪಂಜು ಹಿಡಿದು ಮಗಳನ್ನು ಹುಡುಕುತ್ತ ಅಲೆಯುವ ತಾಯಿಯ ಚಿತ್ರ ಅವಳ ಮನಸ್ಸಿನಲ್ಲಿ ಉಳಿದಿದೆ ಎಂಬುದೇ ನನಗೆ ಸಂತೋಷದ ವಿಷಯವಾಗಿತ್ತು. ಆದ್ದರಿಂದ ಬಹಳ ಆಸೆಯಿಂದ ಪುಸ್ತಕವನ್ನು ಕೈಗೆತ್ತಿಕೊಂಡೆ. ನಾಲ್ಕು ರಾತ್ರಿಗಳಲ್ಲಿ ಓದಿ ಮುಗಿಸಿದೆ. ಮುಗಿಸಿದ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಪುಸ್ತಕ ನನ್ನನ್ನು ಕಲಕಿತ್ತು ಎಂಬ ಕಾರಣಕ್ಕಲ್ಲ, ಕಲಕಬೇಕಾಗಿದ್ದ ಕಥೆಯೊಂದು ನನ್ನನ್ನು ಮುಟ್ಟದೆಯೇ ಮುಗಿದುಹೋಯಿತಲ್ಲ ಎಂಬ ಸಂಕಟಕ್ಕೆ.

ಕಾದಂಬರಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಬರೆದವರ ಶ್ರಮ ಪುಟಪುಟದಲ್ಲೂ ಕಾಣುತ್ತದೆ; ನಾನು ಹೇಳಬೇಕೆಂದಿರುವ ಕೊರತೆಯೂ ಅವರೊಬ್ಬರದೇ ಅಲ್ಲ. ಗ್ರೀಕ್ ಪುರಾಣದ ಹೆಣ್ಣುಗಳ ಕಥೆಯನ್ನು ಅವರ ಬಾಯಿಂದಲೇ ಹೇಳಿಸುವ ಕಾದಂಬರಿಗಳು ಈಚಿನ ವರ್ಷಗಳಲ್ಲಿ ಇಂಗ್ಲಿಷಿನಲ್ಲಿ ಸಾಲುಸಾಲಾಗಿ ಬರುತ್ತಿವೆ. ಅವುಗಳಲ್ಲಿ ಒಳ್ಳೆಯವೂ ಇವೆ. ಇದು ಆ ಸಾಲಿನಲ್ಲಿ ಒಂದು.

ಕಾದಂಬರಿಯಲ್ಲಿ ನಡೆಯುವುದು ಇಷ್ಟು. ಡಿಮೀಟರ್ ತನ್ನ ಮಗಳು ಪರ್ಸೆಫೊನಿಯನ್ನು ಗಂಡಸರ ನೆರಳೂ ಬೀಳದ ದ್ವೀಪವೊಂದರಲ್ಲಿ ಬೆಳೆಸುತ್ತಾಳೆ. ಮಗಳಿಗೆ ಅಲ್ಲಿ ಉಸಿರು ಕಟ್ಟುತ್ತದೆ. ಒಂದು ದಿನ ಪಾತಾಳದ ದೊರೆ ಹೇಡೀಸ್ ಅವಳ ಕಣ್ಣಿಗೆ ಬೀಳುತ್ತಾನೆ. ಅವನು ಮಿತಭಾಷಿ, ಚೆಲುವ, ಒಳಗೊಳಗೇ ನೊಂದವನು, ತನ್ನ ಕತ್ತಲ ಅರಮನೆಯಲ್ಲಿ ದೊಡ್ಡದೊಂದು ಗ್ರಂಥಾಲಯವನ್ನು ಇಟ್ಟುಕೊಂಡವನು. ಅವಳಾಗಿಯೇ ಭೂಮಿಯ ಬಿರುಕೊಂದರಲ್ಲಿ ಇಳಿದು ಅವನಲ್ಲಿಗೆ ಹೋಗುತ್ತಾಳೆ. ತಾಯಿ ಹಿಂದಕ್ಕೆ ಕರೆಸಿಕೊಳ್ಳಲು ಹಟ ಹಿಡಿದಾಗ, ಪಾತಾಳದಲ್ಲಿ ಏನನ್ನಾದರೂ ತಿಂದವರು ಅಲ್ಲಿಗೆ ಮರಳಲೇಬೇಕಾದ್ದರಿಂದ, ತಿರುಗಿ ಬರುವ ದಾರಿಯನ್ನು ತಾನೇ ತೆರೆದಿಟ್ಟುಕೊಳ್ಳಲೆಂದು ದಾಳಿಂಬೆಯ ಆರು ಕಾಳುಗಳನ್ನು ಎಣಿಸಿ ತಿನ್ನುತ್ತಾಳೆ. ತಾಯಿಯ ಬಿಗಿಮುಷ್ಟಿಯಿಂದ ಬಿಡಿಸಿಕೊಂಡ ಮಗಳು ರಾಣಿಯಾಗುವಲ್ಲಿಗೆ ಕಥೆ ಮುಗಿಯುತ್ತದೆ. ಮೊದಲ ನಲವತ್ತು ಪುಟಗಳು ನಿಜಕ್ಕೂ ಚೆನ್ನಾಗಿವೆ. ದ್ವೀಪದ ಗಿಡಮರಗಳನ್ನು ಬಲ್ಲವರು ಬರೆದಂತೆ ಬರೆದಿದ್ದಾರೆ, ಅಲ್ಲಿಯ ಮಧ್ಯಾಹ್ನಗಳ ಏಕತಾನತೆ ಓದುವವರನ್ನೂ ಆವರಿಸುತ್ತದೆ. ಆಮೇಲೆ ಎಲ್ಲವೂ ಪ್ರೇಮಕಥೆಯ ಸವೆದ ಜಾಡಿಗೆ ಇಳಿದುಬಿಡುತ್ತದೆ.

ಮೂಲ ಕವಿತೆಯನ್ನು ಓದದವರಿಗಾಗಿ ಅದರ ಕುರಿತು ನಾಲ್ಕು ಮಾತು ಹೇಳಬೇಕು. ಹೋಮರನ ಹೆಸರಿನಲ್ಲಿ ಉಳಿದುಬಂದಿರುವ ಸ್ತುತಿಗಳಲ್ಲಿ ಡಿಮೀಟರಳನ್ನು ಕುರಿತದ್ದೂ ಒಂದು. ಸುಮಾರು 495 ಸಾಲುಗಳ ಈ ಸ್ತುತಿ ಕ್ರಿ.ಪೂ. 7 ಅಥವಾ 6ನೇ ಶತಮಾನದ್ದೆಂದು ವಿದ್ವಾಂಸರು ಹೇಳುತ್ತಾರೆ. ಇಡೀ ಕವಿತೆ ನಮಗೆ ಸಿಕ್ಕಿರುವುದು ಒಂದೇ ಒಂದು ಹಸ್ತಪ್ರತಿಯಿಂದ. ಅದು ಪತ್ತೆಯಾದದ್ದು 1777ರಲ್ಲಿ, ಮಾಸ್ಕೋದಲ್ಲಿ. ಈಗ ಅದು ನೆದರ್‌ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಇಷ್ಟು ಸಣ್ಣ ದಾರದಿಂದ ನೇತಾಡುತ್ತ ಎರಡೂವರೆ ಸಾವಿರ ವರ್ಷ ದಾಟಿ ಬಂದ ಕವಿತೆ ಎಂಬುದು ನೆನಪಾದಾಗಲೆಲ್ಲ, ಅದನ್ನು ಮುಟ್ಟುವವರ ಕೈ ಸ್ವಲ್ಪ ಹಗುರವಾಗಿರಲಿ ಎಂದು ನನಗೆ ಅನ್ನಿಸುತ್ತದೆ.

ಕವಿತೆಯಲ್ಲಿ ಹುಡುಗಿ ಗೆಳತಿಯರೊಡನೆ ಹೂ ಕೊಯ್ಯುತ್ತಿರುತ್ತಾಳೆ. ನೂರು ತಲೆಗಳ ನಾರ್ಸಿಸಸ್ ಹೂವೊಂದು ಕಣ್ಣು ಸೆಳೆಯುತ್ತದೆ. ಅದಕ್ಕೆ ಕೈಚಾಚಿದೊಡನೆ ನೆಲ ಬಾಯಿಬಿಟ್ಟು, ಚಿನ್ನದ ರಥದಲ್ಲಿ ಎದ್ದು ಬಂದ ಹೇಡೀಸ್ ಅವಳನ್ನು ಎತ್ತಿಕೊಂಡು ಹೋಗುತ್ತಾನೆ. ಅವಳು ಅಪ್ಪನನ್ನು ಕೂಗುತ್ತಾಳೆ. ಆದರೆ ಅವಳನ್ನು ಕೊಟ್ಟವನು ಆ ಅಪ್ಪನೇ, ದೇವತೆಗಳ ಒಡೆಯ ಜೀಯಸ್. ತಾಯಿಯನ್ನು ಯಾರೂ ಒಂದು ಮಾತು ಕೇಳಿಲ್ಲ. ಬೆಟ್ಟಗಳಲ್ಲಿ ಮಾರ್ದನಿಸಿದ ಮಗಳ ಕೂಗು ಕಿವಿಗೆ ಬಿದ್ದ ತಾಯಿ ತಲೆಯ ವಸ್ತ್ರವನ್ನು ಹರಿದುಕೊಂಡು, ಒಂಬತ್ತು ದಿನ ಅನ್ನ ನೀರು ಸ್ನಾನಗಳಿಲ್ಲದೆ ಉರಿಯುವ ಪಂಜುಗಳನ್ನು ಹಿಡಿದು ಅಲೆಯುತ್ತಾಳೆ. ಕೊನೆಗೆ ಎಲ್ಲವನ್ನೂ ಮೇಲಿನಿಂದ ಕಂಡಿದ್ದ ಸೂರ್ಯದೇವ ಹೀಲಿಯಸ್ ನಡೆದದ್ದನ್ನು ತಿಳಿಸಿ ಒಂದು ಸಮಾಧಾನದ ಮಾತನ್ನೂ ಸೇರಿಸುತ್ತಾನೆ: ಇಷ್ಟು ದುಃಖ ಬೇಡ, ಅಳಿಯನಾಗಿ ಹೇಡೀಸ್ ಯೋಗ್ಯತೆಯಿಲ್ಲದವನೇನಲ್ಲ, ನಿನ್ನ ಒಡಹುಟ್ಟಿದವನೇ, ದೊಡ್ಡ ಪಾಲಿನ ಒಡೆಯ. ಈ ಮಾತನ್ನು ಮೊದಲ ಸಲ ಓದಿದಾಗ ನಾನು ಪುಸ್ತಕವನ್ನು ಮಡಿಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ‘ಒಳ್ಳೆ ಮನೆತನ, ಸೋದರಮಾವನೇ ಅಲ್ಲವೇ, ಹೊರಗಿನವನೇನಲ್ಲವಲ್ಲ’ ಎಂದು ಅಳುವ ತಾಯಂದಿರಿಗೆ ಹೇಳುವ ಹಿರಿಯರನ್ನು ನಾನು ಎಷ್ಟೋ ಮದುವೆ ಮನೆಗಳಲ್ಲಿ ನೋಡಿದ್ದೆ.

ಗ್ರೀಕರಿಗೂ ಇದು ದೂರದ ದೇವತೆಗಳ ಸಂಗತಿಯಾಗಿರಲಿಲ್ಲ. ಅಲ್ಲಿಯೂ ಮದುವೆಯೆಂದರೆ ತಂದೆ ತನ್ನ ಮಗಳನ್ನು ಇನ್ನೊಬ್ಬನ ಕೈಗೆ ಒಪ್ಪಿಸುವ ಕ್ರಿಯೆಯಾಗಿತ್ತು. ಹುಡುಗಿಯರಿಗೆ ಹದಿಹರೆಯದಲ್ಲೇ ಮದುವೆಯಾಗುತ್ತಿತ್ತು. ಮದುವೆಗೆ ಮೊದಲೇ ತೀರಿಕೊಂಡ ಹುಡುಗಿಯರ ಸಮಾಧಿಗಳ ಮೇಲೆ ಕೆಲವೊಮ್ಮೆ ಅವರ ಪ್ರತಿಮೆ ನಿಲ್ಲಿಸುತ್ತಿದ್ದರು. ಅಂಥದ್ದೊಂದು ಪ್ರತಿಮೆ 1972ರಲ್ಲಿ ಅಥೆನ್ಸ್ ನಗರದ ಆಚೆ ಮೆರೆಂಡಾ ಎಂಬಲ್ಲಿ ಮಣ್ಣಿನಡಿಯಿಂದ ಹೊರಬಂತು. ಕ್ರಿ.ಪೂ. 550ರ ಆಸುಪಾಸಿನ ಫ್ರಾಸಿಕ್ಲಿಯಾ ಎಂಬ ಹುಡುಗಿಯದು ಅದು. ಕೈಯಲ್ಲಿ ಕಮಲದ ಮೊಗ್ಗು, ತಲೆಯ ಮೇಲೆ ಮೊಗ್ಗುಗಳ ಕಿರೀಟ. ಪೀಠದ ಮೇಲಿನ ಬರಹದಲ್ಲಿ ಅವಳೇ ಮಾತನಾಡುತ್ತಾಳೆ: ತನ್ನನ್ನು ಎಂದೆಂದಿಗೂ ಕನ್ಯೆಯೆಂದೇ ಕರೆಯುತ್ತಾರೆ, ಮದುವೆಯ ಬದಲಿಗೆ ದೇವತೆಗಳು ತನಗೆ ಕೊಟ್ಟದ್ದು ಈ ಹೆಸರನ್ನು ಎಂದು. ಕನ್ಯೆ ಎಂಬುದಕ್ಕೆ ಅಲ್ಲಿರುವ ಗ್ರೀಕ್ ಪದ ‘ಕೋರೇ’. ಪರ್ಸೆಫೊನಿಯ ಇನ್ನೊಂದು ಹೆಸರೂ ಅದೇ. ಮದುವೆಯೂ ಸಾವೂ ಹೆಣ್ಣುಮಗಳನ್ನು ತವರಿನಿಂದ ಕೊಂಡೊಯ್ಯುವ ಎರಡು ದಾರಿಗಳು ಎಂದು ಬಗೆದ ಜನ ಹೇಳಿಕೊಂಡ ಕಥೆ ಇದು. ಹೆಣ್ಣು ಒಪ್ಪಿಸುವ ಹಾಡು ಕೇಳಿ ಬೆಳೆದ ನಮಗೆ ಅದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಇಷ್ಟನ್ನು ಹೇಳಿದಾಗ ಮಗಳು ಸುಮ್ಮನಿರಲಿಲ್ಲ. ‘ಅಮ್ಮ, ಅವಳಾಗೇ ಇಷ್ಟಪಟ್ಟು ಹೋದ್ರೆ ನಿಂಗ್ಯಾಕೆ ಬೇಜಾರು? ಎಳ್ಕೊಂಡು ಹೋದ್ರೇನೇ ಕಥೆ ಅನ್ನೋದು ಯಾವ ನ್ಯಾಯ? ಮೂಲದಲ್ಲಿ ಆ ಹುಡುಗಿಗೆ ಒಂದು ಆಸೆ ಅಂತಾದ್ರೂ ಇದೆಯಾ?’ ಎಂದು ಕೇಳಿದಳು. ಪ್ರಶ್ನೆಯಲ್ಲಿ ತೂಕವಿದೆ ಎಂದು ಒಪ್ಪಿಕೊಳ್ಳುತ್ತೇನೆ. ಅಪಹರಣಕ್ಕೊಳಗಾದ ಹುಡುಗಿ ಎಂಬುದಷ್ಟೇ ಪರ್ಸೆಫೊನಿಯ ಚಿತ್ರವಲ್ಲ ಎಂಬುದಕ್ಕೆ ಪ್ರಾಚೀನರೇ ಸಾಕ್ಷಿ. ಹೋಮರನ ಒಡಿಸ್ಸಿಯಲ್ಲಿ ಅವಳು ಹೆಸರು ಹೇಳಿದರೆ ನಡುಕ ಹುಟ್ಟಿಸುವ ರಾಣಿ. ಸತ್ತವರ ನೆರಳುಗಳು ಬರುವುದೂ ಚದುರುವುದೂ ಅವಳ ಆಜ್ಞೆಯಿಂದ. ದಕ್ಷಿಣ ಇಟಲಿಯ ಲೋಕ್ರಿಯಲ್ಲಿ ನೆಲೆಸಿದ್ದ ಗ್ರೀಕರು ಅವಳನ್ನು ಮದುವೆಯ ದೇವತೆಯೆಂದೇ ಪೂಜಿಸಿದರು. ಅಲ್ಲಿ ಸಿಕ್ಕಿರುವ ಕ್ರಿ.ಪೂ. 5ನೇ ಶತಮಾನದ ಸುಟ್ಟ ಮಣ್ಣಿನ ಹಲಗೆಗಳಲ್ಲಿ ಅವಳು ರಥದ ಮೇಲೆ ಚೀರುವುದೂ ಇದೆ, ಗಂಡನ ಪಕ್ಕದಲ್ಲಿ ಸಿಂಹಾಸನದ ಮೇಲೆ ಗಂಭೀರವಾಗಿ ಕುಳಿತಿರುವುದೂ ಇದೆ. ಅಂದಮೇಲೆ ಹುಡುಗಿಗೆ ಮನಸ್ಸು ಕೊಡುವುದು, ಆಸೆ ಕೊಡುವುದು ತಪ್ಪಲ್ಲ. ಚೀರಿದವಳೇ ರಾಣಿಯಾದದ್ದು ಹೇಗೆ ಎಂಬುದು ಕಾದಂಬರಿಕಾರರಿಗೆ ಒದಗುವ ಅತ್ಯಂತ ಶ್ರೀಮಂತ ವಸ್ತು. ಈ ಕಾದಂಬರಿ ಚೀರಾಟವನ್ನೇ ಅಳಿಸಿ, ಆ ಪ್ರಶ್ನೆ ಏಳದಂತೆ ಮಾಡಿಕೊಂಡಿದೆ.

ಮೂಲದಲ್ಲಿ ಇಂಥ ಕಾದಂಬರಿಗೆಂದೇ ಬಿಟ್ಟ ಜಾಗವೊಂದಿದೆ. ಜೀಯಸ್ ಕಳುಹಿಸಿದ ದೂತ ಹರ್ಮೀಸ್ ಅವಳನ್ನು ತಾಯಿಯ ಬಳಿಗೆ ಕರೆದೊಯ್ಯಲು ಬಂದಾಗ ಹೇಡೀಸ್ ಮುಗುಳ್ನಕ್ಕು, ಹೋಗು, ಆದರೆ ನಾನು ನಿನಗೆ ಅಯೋಗ್ಯ ಗಂಡನಲ್ಲ, ಇಲ್ಲಿರುವಾಗ ಎಲ್ಲ ಜೀವಿಗಳ ಮೇಲೂ ನಿನ್ನ ಆಳ್ವಿಕೆ ನಡೆಯುತ್ತದೆ ಎನ್ನುತ್ತಾನೆ. ಅವಳು ಸಂತೋಷದಿಂದ ನೆಗೆದೇಳುತ್ತಾಳೆ. ಅವನು ಅತ್ತಿತ್ತ ನೋಡಿ, ಗುಟ್ಟಾಗಿ ದಾಳಿಂಬೆಯ ಒಂದು ಕಾಳನ್ನು ತಿನ್ನಿಸುತ್ತಾನೆ. ಇದು ಕವಿ ಹೇಳುವ ಮಾತು. ಸ್ವಲ್ಪ ಮುಂದೆ ತಾಯಿಯ ಎದುರು ಮಗಳು ಅದೇ ಸಂಗತಿಯನ್ನು ಹೇಳುವಾಗ, ಇಷ್ಟವಿಲ್ಲದ ನನಗೆ ಬಲವಂತದಿಂದ ತಿನ್ನಿಸಿದ ಎನ್ನುತ್ತಾಳೆ. ಕವಿಯ ಮಾತಿನಲ್ಲಿ ಗುಟ್ಟು ಇದೆ, ಬಲವಂತವಿಲ್ಲ. ಮಗಳ ಮಾತಿನಲ್ಲಿ ಬಲವಂತವಿದೆ. ಇವೆರಡರ ನಡುವೆ ಏನಿದೆ? ಅವಳಿಗೆ ಅರಿವಿಲ್ಲದೆ ಬಾಯಿಗೆ ಬಿದ್ದ ಕಾಳೋ, ಅರಿವಿದ್ದೂ ನುಂಗಿದ್ದನ್ನು ತಾಯಿಯ ಮುಖ ನೋಡಿ ಹೇಳಲಾಗದೆ ಹೋದದ್ದೋ, ನಿಜವಾಗಿಯೂ ಬಲವಂತವೋ? ಗಂಡನ ಮನೆಯಿಂದ ಮೊದಲ ಸಲ ತವರಿಗೆ ಬಂದ ಹೆಣ್ಣು ಅಮ್ಮನಿಗೆ ಏನನ್ನು ಹೇಳುತ್ತಾಳೆ, ಏನನ್ನು ಹೇಳುವುದಿಲ್ಲ ಎಂಬ ಇಡೀ ಲೋಕ ಆ ಸಂದಿನಲ್ಲಿ ಅಡಗಿದೆ. ಐನೂರಕ್ಕೂ ಹೆಚ್ಚು ಪುಟಗಳಿದ್ದೂ ಈ ಕಾದಂಬರಿ ಅದನ್ನು ಇಣುಕಿ ನೋಡುವುದಿಲ್ಲ. ಅಲ್ಲಿ ಆರು ಕಾಳು, ಆರು ನಿರ್ಧಾರ, ಆರು ದಿಟ್ಟ ವಾಕ್ಯಗಳು. ಕಾಳುಗಳ ಲೆಕ್ಕ ಹೆಚ್ಚಿದ್ದು ಇದೇ ಮೊದಲಲ್ಲ, ರೋಮಿನ ಕವಿ ಓವಿಡ್ ತನ್ನ ರೂಪಾಂತರಗಳ ಕಾವ್ಯದಲ್ಲಿ ಏಳು ಕಾಳುಗಳನ್ನು ತಿನ್ನಿಸಿದ್ದಾನೆ. ನನ್ನ ತಕರಾರು ಲೆಕ್ಕದ ಬಗ್ಗೆ ಅಲ್ಲ, ಸಂದೇಹಕ್ಕೆ ಎಡೆಯೇ ಇಲ್ಲದಂತಾದ ಮನಸ್ಸಿನ ಬಗ್ಗೆ.

ನನಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ತಾಯಿಯ ವಿಷಯದಲ್ಲಿ. ಮಗಳು ಪ್ರೀತಿಸಿ ಹೋದಳು ಎಂದಮೇಲೆ, ತಡೆಯುವವರು ಯಾರಾದರೂ ಬೇಕು. ಅಪಹರಿಸಿದವನು ನಾಯಕನಾದ, ಕೊಟ್ಟ ಅಪ್ಪ ಹಿನ್ನೆಲೆಗೆ ಸರಿದ, ಉಳಿದವಳು ಡಿಮೀಟರ್. ಕಾದಂಬರಿಯುದ್ದಕ್ಕೂ ಅವಳು ಅನುಮಾನದ, ಹಿಡಿತದ, ಮಗಳ ಚೆಲುವಿನ ಬಗ್ಗೆ ಒಳಗೇ ಕರುಬುವ ಹೆಂಗಸು. ಹೆಣ್ಣಿಗೆ ದನಿ ಕೊಡುತ್ತೇನೆಂದು ಹೊರಟ ಕಾದಂಬರಿ ಆ ದನಿಯನ್ನು ತಂದದ್ದು ಇನ್ನೊಬ್ಬ ಹೆಣ್ಣಿನ ಗಂಟಲಿನಿಂದ. ಜೀಯಸನ ಅಪ್ಪಣೆಯ ಎದುರು ದೇವಲೋಕದಲ್ಲಿ ಯಾರೂ ನಿಲ್ಲಲಾಗದಿದ್ದಾಗ ಅವನನ್ನು ಸೋಲಿಸಿದವಳು ಇವಳೊಬ್ಬಳೇ ಎಂಬುದು ಓದುಗರಿಗೆ ತಿಳಿಯುವುದೇ ಇಲ್ಲ.

ಅವಳು ಅವನನ್ನು ಸೋಲಿಸಿದ್ದು ಬರದಿಂದ. ಎತ್ತುಗಳು ನೇಗಿಲನ್ನು ಎಳೆದದ್ದು ವ್ಯರ್ಥ, ನೆಲಕ್ಕೆ ಬಿದ್ದ ಬಿಳಿಯ ಜವೆ ವ್ಯರ್ಥ ಎಂದು ಕವಿ ಹೇಳುತ್ತಾನೆ. ಒಂದು ಬೀಜವೂ ಮೊಳೆಯದಂತೆ ಅವಳು ನೆಲವನ್ನು ಮುಚ್ಚಿಬಿಡುತ್ತಾಳೆ. ಮನುಷ್ಯಕುಲ ಅಳಿದರೆ ದೇವತೆಗಳಿಗೆ ಬಲಿ ಅರ್ಪಿಸುವವರು ಇರುವುದಿಲ್ಲ. ಜೀಯಸ್ ತನ್ನ ದೂತೆ ಐರಿಸಳನ್ನು ಕಳುಹಿಸಿದ, ಆಮೇಲೆ ಒಬ್ಬೊಬ್ಬರನ್ನಾಗಿ ಎಲ್ಲ ದೇವತೆಗಳನ್ನೂ ಕಾಣಿಕೆಗಳೊಡನೆ ಕಳುಹಿಸಿದ. ಮಗಳನ್ನು ಕಣ್ಣಾರೆ ಕಾಣುವವರೆಗೆ ಒಂದು ಕಾಳೂ ಇಲ್ಲ ಎಂದಳು. ಬಯಲುಸೀಮೆಯಲ್ಲಿ ಹುಟ್ಟಿದ ನಾನು, ಬಿತ್ತಿದ ಜೋಳ ಮಣ್ಣಿನಲ್ಲೇ ಉಳಿದ ವರ್ಷ ಮನೆಯ ದೊಡ್ಡವರು ಹೊಲದ ಬದುವಿನ ಮೇಲೆ ಮಾತಿಲ್ಲದೆ ಕುಳಿತಿದ್ದನ್ನು ನೋಡಿದ್ದೇನೆ. ಕಾದಂಬರಿಯಲ್ಲಿ ಈ ಬರಕ್ಕೆ ಸಿಕ್ಕಿರುವುದು ಒಂದೂವರೆ ಪುಟ; ಅದೂ ಸಿಟ್ಟುಗೊಂಡ ಹೆಂಗಸಿನ ರಂಪಾಟವೆಂಬಂತೆ.

ಎಲ್ಯೂಸಿಸ್‌ನ ಭಾಗವಂತೂ ಅಲ್ಲಿ ಇಲ್ಲವೇ ಇಲ್ಲ. ಕವಿತೆಯ ನಡುಮನೆಯೇ ಅದು. ಮುದುಕಿಯ ವೇಷದಲ್ಲಿ ಡಿಮೀಟರ್ ಆ ಊರಿನ ಬಾವಿಯ ಬಳಿ ಕುಳಿತಿರುತ್ತಾಳೆ. ನೀರಿಗೆ ಬಂದ ನಾಲ್ವರು ಅಕ್ಕತಂಗಿಯರು ಮರ್ಯಾದೆಯಿಂದ ಮಾತನಾಡಿಸಿದಾಗ ಅವಳು ಒಂದು ಸುಳ್ಳು ಕಥೆ ಹೇಳುತ್ತಾಳೆ: ತನ್ನನ್ನು ಕ್ರೀಟ್ ದ್ವೀಪದಿಂದ ಕಡಲ್ಗಳ್ಳರು ಬಲವಂತವಾಗಿ ಹೊತ್ತುತಂದರು ಎಂದು. ಮಗಳಿಗೆ ಆದದ್ದನ್ನು ತನಗೇ ಆದದ್ದೆಂದು ಹೇಳಿಕೊಳ್ಳುತ್ತಾಳೆ. ಆ ಹುಡುಗಿಯರ ತಾಯಿ ಮೆಟನೈರಾ ಅವಳನ್ನು ಮನೆಗೆ ಕರೆಸಿಕೊಂಡು ತನ್ನ ಕೂಸನ್ನು ಅವಳ ಮಡಿಲಿಗೆ ಹಾಕುತ್ತಾಳೆ. ಯಾಂಬಿ ಎಂಬ ಮನೆಗೆಲಸದ ಹೆಂಗಸು ಕೂರಲು ಮಣೆ ತಂದಿಟ್ಟು, ಚೇಷ್ಟೆಯ ಮಾತುಗಳನ್ನಾಡಿ, ಅಷ್ಟು ದಿನ ನಗದವಳನ್ನು ನಗಿಸುತ್ತಾಳೆ. ದ್ರಾಕ್ಷಾರಸ ಬೇಡವೆಂದ ಡಿಮೀಟರ್ ಕೇಳಿ ಕುಡಿಯುವುದು ನೀರಿನಲ್ಲಿ ಜವೆಯ ಹಿಟ್ಟನ್ನು ಕಲಸಿ ಪುದೀನದ ಜಾತಿಯ ಸೊಪ್ಪು ಹಾಕಿದ ಒಂದು ಬಗೆಯ ಅಂಬಲಿಯನ್ನು. ಆಮೇಲೆ ಅವಳು ಆ ಕೂಸು ಡಿಮೊಫೋನನನ್ನು ಸಾವಿಲ್ಲದವನನ್ನಾಗಿ ಮಾಡಲು ಹಗಲು ಅಮೃತ ಸವರುತ್ತಾಳೆ, ರಾತ್ರಿ ಯಾರೂ ಕಾಣದಂತೆ ಬೆಂಕಿಯಲ್ಲಿ ಕೊಳ್ಳಿಯಂತೆ ಇಡುತ್ತಾಳೆ. ಸಾವಿನ ದೊರೆ ತನ್ನ ಮಗಳನ್ನು ಒಯ್ದದ್ದಕ್ಕೆ ಪ್ರತಿಯಾಗಿ ಅವನಿಗೆ ಸಲ್ಲಬೇಕಾದ ಒಂದು ಜೀವವನ್ನು ಅವನಿಂದ ಕಸಿಯಲು ಹೊರಟ ಹಾಗೆ. ಒಂದು ರಾತ್ರಿ ಮೆಟನೈರಾ ಅದನ್ನು ಕಂಡು ಚೀರುತ್ತಾಳೆ. ಸಿಟ್ಟಿಗೆದ್ದ ದೇವತೆ ಕೂಸನ್ನು ನೆಲದ ಮೇಲೆ ಬಿಟ್ಟುಬಿಡುತ್ತಾಳೆ; ಅದಕ್ಕೆ ಇನ್ನು ಸಾವು ತಪ್ಪಿದ್ದಲ್ಲ. ಒಬ್ಬ ತಾಯಿಯ ಪ್ರೀತಿಯ ಭಯ ಇನ್ನೊಬ್ಬ ತಾಯಿಯ ದುಃಖದ ಪ್ರಯತ್ನವನ್ನು ಕೆಡಿಸುವ ಈ ದೃಶ್ಯಕ್ಕೆ ಸಮನಾದದ್ದನ್ನು ನಾನು ಹೆಚ್ಚು ಓದಿಲ್ಲ. ಹಟಮಾರಿ ಡಿಮೀಟರಳನ್ನೇ ಚಿತ್ರಿಸಬೇಕೆಂದಿದ್ದರೂ ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕಿರಲಿಲ್ಲ.

ಎಲ್ಯೂಸಿಸನ್ನು ಕೈಬಿಟ್ಟ ಕಾದಂಬರಿಯಿಂದ ಸಾವು ಕೂಡ ಹೊರಗೆ ಹೋಗಿದೆ. ಅಲ್ಲಿಯ ಪಾತಾಳದಲ್ಲಿ ಗ್ರಂಥಾಲಯವಿದೆ, ಕಪ್ಪು ಹೂಗಳ ತೋಟವಿದೆ, ಸತ್ತವರಿಲ್ಲ. ಅಥೆನ್ಸ್‌ನಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಎಲ್ಯೂಸಿಸ್‌ಗೆ ವರ್ಷಕ್ಕೊಮ್ಮೆ, ನಮ್ಮ ಸೆಪ್ಟೆಂಬರ್ ತಿಂಗಳ ಸುಮಾರಿಗೆ, ಈ ತಾಯಿಮಗಳ ಹೆಸರಿನ ಗುಪ್ತ ಆಚರಣೆಗೆಂದು ಜನ ಮೆರವಣಿಗೆಯಲ್ಲಿ ನಡೆದು ಹೋಗುತ್ತಿದ್ದದ್ದು ಸತ್ತ ಮೇಲೆ ತಮಗೊಂದು ಒಳ್ಳೆಯ ಗತಿ ಇದೆ ಎಂಬ ಭರವಸೆಗಾಗಿ. ಗ್ರೀಕ್ ಭಾಷೆ ಬಲ್ಲ, ಕೊಲೆಯ ಕಳಂಕವಿಲ್ಲದ ಯಾರಿಗೂ ಅಲ್ಲಿ ದೀಕ್ಷೆ ಸಿಗುತ್ತಿತ್ತು, ಹೆಂಗಸರಿಗೂ, ಗುಲಾಮರಿಗೂ. ಕ್ರಿ.ಶ. 4ನೇ ಶತಮಾನದ ಕೊನೆಯವರೆಗೆ, ಸಾವಿರ ವರ್ಷಕ್ಕೂ ಮೀರಿ, ನಡೆದ ಆ ಆಚರಣೆಯ ಒಳಗುಟ್ಟನ್ನು ಕಂಡವರು ಯಾರೂ ಪೂರ್ತಿಯಾಗಿ ಬರೆದಿಡಲಿಲ್ಲ. ಒಬ್ಬ ತಾಯಿ ತನ್ನ ಮಗಳನ್ನು ಸತ್ತವರ ಲೋಕದಿಂದ ವರ್ಷದ ಮೂರರಲ್ಲಿ ಎರಡು ಪಾಲು ಕಾಲಕ್ಕಾದರೂ ಬಿಡಿಸಿ ತಂದಳು ಎಂಬ ನಂಬಿಕೆಯ ಮೇಲೆ ಅಷ್ಟು ಜನ ತಮ್ಮ ಸಾವಿನ ಭಯವನ್ನು ಇಳಿಸಿಟ್ಟಿದ್ದರು.

ಹಳೆಯ ಕಥೆಯನ್ನು ಬದಲಿಸಬಾರದು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಕನ್ನಡದ ಓದುಗಳಾದ ನನ್ನ ಬಾಯಲ್ಲಿ ಶೋಭಿಸುವುದೂ ಇಲ್ಲ. ನಮ್ಮ ಹಳಗನ್ನಡದ ದೊಡ್ಡ ಕವಿಗಳು ಮಾಡಿದ್ದೇ ಅದನ್ನು. ಗ್ರೀಕರ ವಿಷಯಕ್ಕೇ ಬಂದರೆ, ಎಲ್ಯೂಸಿಸ್‌ನಲ್ಲೇ ಹುಟ್ಟಿದ ಈಸ್ಕಿಲಸ್ ಬರೆದ ನಾಟಕವನ್ನು ‘ಪಾರಸಿಕರು’ ಎಂದು ಕನ್ನಡಕ್ಕೆ ತಂದ ಬಿ.ಎಂ.ಶ್ರೀಯವರು ಅದಕ್ಕೂ ಮೊದಲು ಸಾಫೋಕ್ಲಿಸನ ಏಜಾಕ್ಸನನ್ನು ಮಹಾಭಾರತದೊಳಗೆ ತಂದು ‘ಅಶ್ವತ್ಥಾಮನ್’ ಬರೆದರು. ಚಿರಂಜೀವಿಯಾದ ಅಶ್ವತ್ಥಾಮ ಅಲ್ಲಿ ತನ್ನ ಕೈಯಾರೆ ಸಾಯುತ್ತಾನೆ. ಪುರಾಣದ ಕಣ್ಣಿನಲ್ಲಿ ಅದಕ್ಕಿಂತ ದೊಡ್ಡ ಅತಿಕ್ರಮಣ ಬೇರೆ ಇಲ್ಲ, ಆಕ್ಷೇಪವೂ ಬಂತು. ಆದರೆ ಮಾನಗೆಟ್ಟ ವೀರನೊಬ್ಬ ಬದುಕಿರಲಾರ ಎಂಬ ಗ್ರೀಕ್ ನಾಟಕದ ಉರಿಯನ್ನು ಕನ್ನಡಕ್ಕೆ ತರಲು ಬೇರೆ ದಾರಿಯಿರಲಿಲ್ಲ. ಅದನ್ನು ಉಳಿಸಿಕೊಳ್ಳಲು ಅವರು ಒಬ್ಬ ಚಿರಂಜೀವಿಯನ್ನೇ ಕಳೆದುಕೊಂಡರು. ಈ ಕಾದಂಬರಿ ಕಳೆದುಕೊಂಡದ್ದು ತಾಯಿಯನ್ನು, ಬರವನ್ನು, ಸಾವನ್ನು. ಪಡೆದುಕೊಂಡದ್ದು ಬೇರೆ ಎಲ್ಲಾದರೂ ಸಿಗಬಹುದಾಗಿದ್ದ ಒಂದು ಪ್ರೇಮಪ್ರಸಂಗವನ್ನು.

ಮೂಲದಲ್ಲಿ ತಾಯಿಮಗಳು ಮತ್ತೆ ಭೇಟಿಯಾಗುವ ಗಳಿಗೆಯನ್ನು ಹೇಳದೆ ಮುಗಿಸಲಾರೆ. ಹಸ್ತಪ್ರತಿಯ ಹಾಳೆ ಹರಿದಿರುವುದು ಸರಿಯಾಗಿ ಅಲ್ಲಿಯೇ. ಸಾಲುಗಳ ಅರ್ಧಭಾಗಗಳನ್ನು ವಿದ್ವಾಂಸರು ಊಹಿಸಿ ತುಂಬಿದ್ದಾರೆ. ಮಗಳು ರಥದಿಂದ ಹಾರಿ ಓಡಿ ಬಂದು ತಾಯಿಯ ಕೊರಳಿಗೆ ಬೀಳುತ್ತಾಳೆ. ಅಪ್ಪಿಕೊಂಡಿರುವಾಗಲೇ ತಾಯಿಯ ಎದೆಯಲ್ಲಿ ಏನೋ ಮೋಸದ ಶಂಕೆ ಹುಟ್ಟುತ್ತದೆ. ಅವಳು ಕೇಳುವ ಮೊದಲ ಪ್ರಶ್ನೆ, ಮಗೂ, ಅಲ್ಲಿ ಏನನ್ನಾದರೂ ತಿಂದೆಯಾ ಎಂದು. ದೂರದ ಊರಿನಲ್ಲಿರುವ ಮಗಳಿಗೆ ಫೋನ್ ಮಾಡಿದಾಗಲೆಲ್ಲ ನಾನು ಮೊದಲು ಕೇಳುವುದು ‘ಊಟ ಆಯ್ತಾ’ ಎಂದೇ. ತಿಂದಿರಲಿ ಎಂಬ ಆಸೆಯಿಂದ ನಾವು ಕೇಳುವ ಮಾತನ್ನು, ತಿಂದಿರದಿರಲಿ ಎಂಬ ದಿಗಿಲಿನಿಂದ ಕೇಳಬೇಕಾಗಿ ಬಂದ ತಾಯಿ ಅವಳು. ಕಾದಂಬರಿಯಲ್ಲಿ ಡಿಮೀಟರ್ ಮಗಳನ್ನು ಕಂಡೊಡನೆ ಮಾಡುವುದು ಗದರಿಕೆ.

ರಜೆ ಮುಗಿಸಿ ಹೊರಡುವಾಗ ಕಾದಂಬರಿಯ ಜೊತೆಗೆ ನನ್ನ ಹಳೆಯ ಅನುವಾದದ ಪ್ರತಿಯನ್ನೂ ಮಗಳ ಬ್ಯಾಗಿನಲ್ಲಿ ಇಟ್ಟೆ. ಓದು ಎಂದು ಒತ್ತಾಯಿಸಲಿಲ್ಲ. ಎರಡು ವಾರ ಕಳೆದ ಮೇಲೆ ಒಂದು ರಾತ್ರಿ ಅವಳೇ ಫೋನ್ ಮಾಡಿ, ಓದಿದೆ ಎಂದಳು. ಕಾದಂಬರಿ ತನಗೆ ಈಗಲೂ ಇಷ್ಟವೇ, ಹುಡುಗಿಗೆ ಅದರಲ್ಲಿ ಇರುವಷ್ಟು ಮಾತು ಕವಿತೆಯಲ್ಲಿ ಇಲ್ಲ ಎಂದೂ ಹೇಳಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆದ್ರೆ ಅಮ್ಮ, ಅವರಿಬ್ರೂ ಸಿಕ್ಕಿದ ಮೇಲೆ ಒಂದಿಡೀ ದಿನ ಒಬ್ಬರನ್ನೊಬ್ಬರು ತಬ್ಕೊಂಡೇ ಕೂತಿರ್ತಾರಲ್ಲ, ಆ ದಿನ ಈ ಪುಸ್ತಕದಲ್ಲಿ ಎಲ್ಲೂ ಇಲ್ಲ’ ಎಂದಳು. ನಾನು ನನ್ನ ನೆನಪಿನಲ್ಲಿದ್ದ ಆ ಸಾಲುಗಳನ್ನು ಕನ್ನಡದಲ್ಲಿ ಹೇಳಲು ಪ್ರಯತ್ನಿಸಿದೆ. ಅವಳು ತನ್ನ ಎದುರಿಗಿದ್ದ ಇಂಗ್ಲಿಷ್ ಪುಟವನ್ನು ನೋಡಿಕೊಂಡು ನಾನು ಬಿಟ್ಟ ಪದಗಳನ್ನು ಸೇರಿಸುತ್ತ ಹೋದಳು.